ನೊಣಗಳಿಗೆ ಊಟ ಬೇಯಿಸಿದವರಿಗೆ, ರಾತ್ರಿ ಕಾದವರಿಗೆ

ವಂಶಪಾರಂಪರ್ಯವಾಗಿ ಬರುವ ಕಿಡ್ನಿ ಕಾಯಿಲೆಗೆ ಹಣ್ಣುನೊಣಗಳಲ್ಲಿ ಔಷಧ ಪರೀಕ್ಷಿಸುವ ನಮ್ಮ ಮೊದಲ ಸುತ್ತು ಮುಗಿದಿದೆ. ಕೈಜೋಡಿಸಿದವರಿಗೆಲ್ಲ ಮನಸಾರೆ ವಂದನೆ.

ಮೊದಲ ನಮಸ್ಕಾರ ಅಡುಗೆಮನೆಗೆ. ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಿಸಲು 10 ಗ್ರಾಂ ಅಗರ್ ಪುಡಿ. ಬೂಷ್ಟು ಹಿಡಿಯದಿರಲು 7.5 ಮಿಲಿ ಪ್ರೊಪಿಯಾನಿಕ್ ಆಮ್ಲ. ಮೈಸೂರಿನ ನೊಣ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಅಳತೆ ಇದು. ನಾಜೂಕು ಕೆಲಸ ಔಷಧ ಬೆರೆಸುವುದು. ಕುದಿಯುವಾಗ ಹಾಕಿದರೆ ಕೆಲವು ಔಷಧಗಳು ಕೆಡುತ್ತವೆ. ತೀರಾ ಆರಲು ಬಿಟ್ಟರೆ ಅಗರ್ ಗಟ್ಟಿಯಾಗಿ ಔಷಧ ಒಂದೇ ಕಡೆ ನಿಲ್ಲುತ್ತದೆ. ಸುಮಾರು 50 ಡಿಗ್ರಿಗೆ ಇಳಿದಾಗ ಹಾಕಿ, ಬೇಗ ಕಲಸಿ, ಬಾಟಲಿಗೆ ಸುರಿಯಬೇಕು. ಹೋಲಿಕೆಗೆಂದು ಇಟ್ಟ ಔಷಧವಿಲ್ಲದ ಬಾಟಲಿಗೂ, ಔಷಧ ಕರಗಿಸಿದ ಅದೇ ದ್ರಾವಕ ಅಷ್ಟೇ ಪ್ರಮಾಣದಲ್ಲಿ ಬೀಳಬೇಕು. ಕಹಿಯೆಂದು ಮರಿಹುಳು ತಿನ್ನದೇ ಬಿಟ್ಟರೆ ಒಳ್ಳೆಯ ಔಷಧವೂ ಸೋತಂತೆ ಕಾಣುತ್ತದೆ. ಅದಕ್ಕೇ ನೀಲಿ ಬಣ್ಣ ಬೆರೆಸಿ, ಹೊಟ್ಟೆ ನೀಲಿಯಾಯಿತೇ ಎಂದು ಒಂದೊಂದನ್ನೂ ನೋಡಿದ ಹುಡುಗಿಯರ ತಾಳ್ಮೆಗೆ ಎಷ್ಟು ಹೇಳಿದರೂ ಕಡಿಮೆ.

ನೊಣಕ್ಕೆ ನಮ್ಮಂಥ ಕಿಡ್ನಿಯಿಲ್ಲ. ಅನ್ನನಾಳದ ತುದಿಯನ್ನು ಹೂಮಾಲೆಯಂತೆ ಸುತ್ತಿದ ನೆಫ್ರೋಸೈಟ್ ಕೋಶಗಳು ಅದರ ರಕ್ತರಸವನ್ನು ಸೋಸುತ್ತವೆ. ಆ ಸೋಸುಪೊರೆ ನಮ್ಮ ಕಿಡ್ನಿಯದನ್ನೇ ಹೋಲುತ್ತದೆಂದು 2009ರಲ್ಲೇ ಗೊತ್ತಾಯಿತು. ಸೂಜಿಮೊನೆಯಂಥ ಇಕ್ಕಳದಲ್ಲಿ ಕೋಶಗಳನ್ನು ಬಿಡಿಸಿ, ಹೊಳೆಯುವ ಬಣ್ಣ ಕಟ್ಟಿದ ಆಲ್ಬುಮಿನ್ ಎಂಬ ಪ್ರೋಟೀನಿನಲ್ಲಿ ಕೆಲವು ನಿಮಿಷ ಮಾತ್ರ ಅದ್ದಿಟ್ಟು, ಒಳಗೆ ಎಷ್ಟು ಹೋಯಿತೆಂದು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತೇವೆ. ಬಾಟಲಿಯಲ್ಲಿ ಏನಿತ್ತೆಂದು ಅಳೆಯುವವರಿಗೆ ಗೊತ್ತಿರಬಾರದು. ಆ ಗುಟ್ಟನ್ನು ಕೊನೆಯವರೆಗೂ ಕಾಪಾಡಿದವರಿಗೂ ಋಣಿಗಳು.

ರಾತ್ರಿ ಪಾಳಿಯ ಅಣ್ಣಂದಿರಿಗೆ ವಿಶೇಷ ಧನ್ಯವಾದ. ನೊಣದಲ್ಲಿ ಕಾಯಿಲೆ ತರಲು ನಾವು ಆಯ್ದ ಜೀನೊಂದನ್ನು ಅಡಗಿಸುತ್ತೇವೆ, ಅಂದರೆ ಕೆಲಸ ಮಾಡದಂತೆ ತಡೆಯುತ್ತೇವೆ. ಅದಕ್ಕೆ ಬಳಸುವ ಗ್ಯಾಲ್4 ಎಂಬ ವಿಧಾನದಲ್ಲಿ ಶಾಖ ಏರಿದಷ್ಟೂ ಜೀನ್ ಹೆಚ್ಚು ಅಡಗುತ್ತದೆ. ಕರೆಂಟ್ ಹೋಗಿ 25 ಡಿಗ್ರಿಯ ಪೆಟ್ಟಿಗೆ 29ಕ್ಕೆ ಏರಿದರೆ ಕಾಯಿಲೆಯೇ ಉಲ್ಬಣಿಸಿ, ತಪ್ಪು ಔಷಧದ ತಲೆಗೆ ಬರುತ್ತದೆ. ಜನರೇಟರ್ ಹಾಕಿದ್ದಷ್ಟೇ ಅಲ್ಲ, ತಾಪಮಾನವನ್ನೂ ಬರೆದಿಟ್ಟಿರಿ. ಯಾವ ಬಾಟಲಿ ಕೈಬಿಡಬೇಕೆಂದು ತಿಳಿದದ್ದು ಅದರಿಂದಲೇ.

ಜೀನ್ ವರದಿಗಳನ್ನು ನಂಬಿ ಕೊಟ್ಟ ಕುಟುಂಬಗಳಿಗೆ ಏನು ಹೇಳುವುದು! ಅಮೆರಿಕದಲ್ಲಿ ಸಂಶೋಧಕ ಝೆ ಹಾನ್ ಅವರ ತಂಡ 2017ರಲ್ಲಿ ತೋರಿಸಿದಂತೆ, ಕೋಎಂಜೈಮ್ ಕ್ಯೂ10 ಎಂಬ ವಸ್ತುವನ್ನು ದೇಹ ತಯಾರಿಸಲು ಬೇಕಾದ ಕೋಕ್ಯೂ2 ಜೀನ್ ಅಡಗಿಸಿದ ನೊಣಗಳ ನೆಫ್ರೋಸೈಟ್‌ಗಳು ಆಹಾರದಲ್ಲಿ ಅದನ್ನೇ ಕೊಟ್ಟಾಗ ಚೇತರಿಸಿಕೊಂಡವು. ಆದರೆ ಇದು ಆ ಜೀನಿನ ದೋಷಕ್ಕೆ ಸಂಬಂಧಿಸಿದ ಮಾತು. ಎಲ್ಲ ಕಿಡ್ನಿ ಕಾಯಿಲೆಗೂ ಅಲ್ಲ. ದಯವಿಟ್ಟು ಅಂಗಡಿಯಿಂದ ಮಾತ್ರೆ ತಂದು ಮಕ್ಕಳಿಗೆ ಕೊಡಬೇಡಿ. ವರದಿ ಹಿಡಿದು ಮಕ್ಕಳ ಕಿಡ್ನಿ ತಜ್ಞರನ್ನೇ ಕೇಳಿ.