ಚೆಂಡು ಬರುವ ಮೊದಲೇ ಶುರುವಾಗುವ ಫಾರ್ವರ್ಡ್ ಆಟ

ಮಾನ್ಯ ಸಂಪಾದಕರೇ,

ಶಾಲಾ ಕ್ರೀಡಾಕೂಟದ ಕಾಲ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಹಾಕಿಗೂ ನಾಲ್ಕು ಸಾಲು ಸಿಗುತ್ತದೆ. ಅಷ್ಟಕ್ಕೇ ಸಂತೋಷ. ಆದರೆ ‘ಮೂವರನ್ನು ವಂಚಿಸಿ ಗೋಲು ಬಾರಿಸಿದ’ ಎಂಬ ಮಾತು ಪದೇ ಪದೇ ಅಚ್ಚಾಗಿ, ಫಾರ್ವರ್ಡ್ (ಗೋಲು ಹೊಡೆಯಲು ಮುಂದೆ ಆಡುವವನು) ಎಂದರೆ ಡಾಡ್ಜ್ ಮಾಡುವವನು, ಅಂದರೆ ಚೆಂಡಿನೊಂದಿಗೆ ಎದುರಾಳಿಯನ್ನು ವಂಚಿಸಿ ದಾಟುವವನು ಎಂಬ ನಂಬಿಕೆ ಮಕ್ಕಳಲ್ಲೂ, ಹೆತ್ತವರಲ್ಲೂ, ಎಷ್ಟೋ ದೈಹಿಕ ಶಿಕ್ಷಕರಲ್ಲೂ ಗಟ್ಟಿಯಾಗಿಬಿಟ್ಟಿದೆ. ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆ ಕೈಚಳಕ ಇರುವ ಹುಡುಗ ಹುಡುಗಿಯರಿಗೆ ಬರವಿಲ್ಲ. ಅವರೇ ಬೆಂಗಳೂರಿನ ಶಾಂತಿನಗರದ ಕಾರ್ಯಪ್ಪ ಕ್ರೀಡಾಂಗಣದ ಟರ್ಫ್‌ಗೆ (ಕೃತಕ ಹುಲ್ಲಿನ ಹಾಸಿಗೆ) ಇಳಿದರೆ ಚೆಂಡೇ ಸಿಗದೆ ಪರದಾಡುತ್ತಾರೆ. ಯಾಕೆ ಹೀಗಾಗುತ್ತದೆ ಎಂದು ಹೇಳಲು ಈ ಪತ್ರ.

ಕಾರಣ ಕಾಲ ಕೆಳಗಿನ ನೆಲದಲ್ಲೇ ಇದೆ. ನಮ್ಮ ಗರಸು ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ಬೇಗ ವೇಗ ಕಳೆದುಕೊಳ್ಳುತ್ತದೆ. ಎದುರಿನ ಬ್ಯಾಕ್‌ಗೂ (ಗೋಲು ಕಾಯಲು ಹಿಂದೆ ಆಡುವವನಿಗೂ) ಅದನ್ನು ನೆಟ್ಟಗೆ ನಿಲ್ಲಿಸಲಾಗದು. ಹಾಗಾಗಿ ನಿಂತಲ್ಲೇ ಚೆಂಡು ಪಡೆದು, ತಲೆ ತಗ್ಗಿಸಿ ಓಡಿದರೂ ನಡೆದುಹೋಗುತ್ತದೆ. ನೀರು ಹಾಯಿಸಿದ ಟರ್ಫ್‌ನಲ್ಲಿ ಚೆಂಡು ನೇರವಾಗಿ, ರಭಸ ತಗ್ಗದೆ ಬರುತ್ತದೆ. ಬ್ಯಾಕ್ ಒಂದು ತೋಳಿನಷ್ಟು ದೂರದಲ್ಲೇ ಇರುತ್ತಾನೆ. ಚೆಂಡು ಸ್ಟಿಕ್‌ಗೆ ತಾಗಿದ ಮೇಲೆ ಯೋಚಿಸುತ್ತೇನೆ ಎನ್ನುವವನಿಗೆ ಅಲ್ಲಿ ಜಾಗವಿಲ್ಲ.

ಆದ್ದರಿಂದ ಎಳೆಯ ಫಾರ್ವರ್ಡ್‌ಗೆ ಮೊದಲು ಕಲಿಸಬೇಕಾದ್ದು ಲೀಡ್, ಅಂದರೆ ಬ್ಯಾಕ್‌ನಿಂದ ಬಿಡಿಸಿಕೊಳ್ಳುವ ಓಟ. ಚೆಂಡು ಬೇಕಾದ ದಿಕ್ಕಿಗೆ ವಿರುದ್ಧವಾಗಿ ಮೂರು ನಾಲ್ಕು ಹೆಜ್ಜೆ ಬ್ಯಾಕ್‌ನನ್ನು ಎಳೆದುಕೊಂಡು ಹೋಗಬೇಕು, ತಟ್ಟನೆ ತಿರುಗಿ ಓರೆಯಾಗಿ ಚೆಂಡಿನತ್ತ ಬರಬೇಕು. ಓಡುವಾಗಲೇ ಸ್ಟಿಕ್ ನೆಲಕ್ಕೆ ಹತ್ತಿರ ಇರಬೇಕು. ಎಡವಟ್ಟಾಗುವುದು ಸಮಯದಲ್ಲಿ. ಪಾಸ್ ಕೊಡುವವನು ಇನ್ನೂ ಚೆಂಡು ನಿಲ್ಲಿಸುತ್ತಿರುವಾಗಲೇ ಓಡಿದರೆ ಹೋಗಿ ನಿಂತು ಕಾಯಬೇಕಾಗುತ್ತದೆ, ಅಷ್ಟರಲ್ಲಿ ಬ್ಯಾಕ್ ಬಂದು ಅಂಟಿಕೊಳ್ಳುತ್ತಾನೆ. ಅವನು ಚೆಂಡು ನಿಲ್ಲಿಸಿ ತಲೆ ಎತ್ತಿದ ಕ್ಷಣವೇ ಓಟ ಶುರುವಾಗಬೇಕು. ಚೆಂಡು ಸಿಗಲಿಲ್ಲವೇ? ಮುನಿಸಿಕೊಂಡು ನಿಲ್ಲದೆ ಆ ಜಾಗ ಖಾಲಿ ಮಾಡಿ ಇನ್ನೊಬ್ಬರಿಗೆ ಬಿಡುವುದೂ ಆಟವೇ.

ಮುಂದಿನದು ಚೆಂಡು ಪಡೆಯುವಾಗ ಮೈ ಇಡುವ ರೀತಿ. ಪಾಸ್ ಕೊಡುವವನಿಗೆ ಎದೆ ಕೊಟ್ಟು, ಗೋಲಿಗೆ ಬೆನ್ನು ಹಾಕಿ ನಿಲ್ಲುವುದು ನಮ್ಮ ಮಕ್ಕಳ ಸಾಮಾನ್ಯ ತಪ್ಪು. ಹಾಗೆ ಪಡೆದರೆ ತಿರುಗಲು ಇನ್ನೊಂದು ಟಚ್ ಬೇಕು, ಆ ಟಚ್‌ನಲ್ಲೇ ಹಿಂದಿನಿಂದ ಬಂದವನ ಸ್ಟಿಕ್ ಚೆಂಡಿಗೆ ಬೀಳುತ್ತದೆ. ಎಡ ಭುಜ ಪಾಸ್ ಕೊಡುವವನ ಕಡೆ ಇಟ್ಟು, ಓರೆಯಾಗಿ ನಿಂತು, ಚೆಂಡನ್ನು ಮೈಯಡ್ಡ ಹಾಯಲು ಬಿಟ್ಟು ಬಲಗಾಲಿನ ಮುಂದೆ ಹಿಡಿದರೆ ಮೊದಲ ಟಚ್ಚೇ ಮುಂದಕ್ಕೆ ಹೋಗುತ್ತದೆ. ಇದಕ್ಕೊಂದು ಅಭ್ಯಾಸ: ಫಾರ್ವರ್ಡ್‌ನ ಬೆನ್ನ ಹಿಂದೆ ಒಬ್ಬ ನಿಂತು ಬೆರಳು ಎತ್ತಿ ತೋರಿಸಲಿ. ಚೆಂಡು ದಾರಿಯಲ್ಲಿರುವಾಗ ಫಾರ್ವರ್ಡ್ ತಿರುಗಿ ನೋಡಿ ಎಷ್ಟು ಬೆರಳೆಂದು ಕೂಗಿ ಹೇಳಬೇಕು, ಆಮೇಲೆ ಚೆಂಡು ಹಿಡಿಯಬೇಕು. ಮೊದಮೊದಲು ಚೆಂಡೂ ತಪ್ಪುತ್ತದೆ, ಲೆಕ್ಕವೂ ತಪ್ಪುತ್ತದೆ. ದಿನಾ ಮಾಡಿಸಿದರೆ ಹಿಂದೆ ನೋಡುವುದು ಅಭ್ಯಾಸವಾಗುತ್ತದೆ.

ಇಷ್ಟು ಹೇಳಿದ್ದಕ್ಕೆ ಡಾಡ್ಜ್ ಬೇಡ ಎಂದು ಅರ್ಥವಲ್ಲ. ಅದನ್ನೂ ಸರಿಯಾಗಿ ಕಲಿಸುವವರು ಕಡಿಮೆ. ಸ್ಟಿಕ್ ತಿರುಗಿಸುವುದು ಎಡಗೈ. ಬಲಗೈ ಸಡಿಲವಾಗಿದ್ದು ಅದರೊಳಗೆ ಸ್ಟಿಕ್ ತಿರುಗಬೇಕು. ಬಲಗೈ ಬಿಗಿ ಹಿಡಿದ ಮಗುವಿನ ಸ್ಟಿಕ್ ಅರ್ಧ ಮಾತ್ರ ತಿರುಗಿ, ರಿವರ್ಸ್ ಕಡೆ (ಸ್ಟಿಕ್ ಮಗುಚಿ ಆಡುವ ಎಡಗಡೆ) ಚೆಂಡು ಜಾರಿ ಹೋಗುತ್ತದೆ. ಚೆಂಡು ಕಾಲ ಬೆರಳ ಹತ್ತಿರ ಇದ್ದರೆ ತಲೆ ತಾನಾಗಿ ಬಗ್ಗುತ್ತದೆ. ಕೈ ಚಾಚಿ, ಬಲಗಾಲಿನ ಮುಂದೆ ಸ್ವಲ್ಪ ಬಲಕ್ಕೆ ಇಟ್ಟರೆ ಚೆಂಡೂ ಕಾಣುತ್ತದೆ, ಬ್ಯಾಕ್‌ನ ಕಾಲೂ ಕಾಣುತ್ತದೆ. ಬ್ಯಾಕ್ ಬಗ್ಗಿ ಸ್ಟಿಕ್ ಚಾಚಿದರೆ ಸುಮಾರು ಎರಡು ಮೀಟರ್ ಎಟುಕುತ್ತದೆ. ಆದ್ದರಿಂದ ದಿಕ್ಕು ಬದಲಿಸುವುದು ಮೂರು ಮೀಟರ್ ಇರುವಾಗಲೇ ಆಗಬೇಕು. ಹತ್ತಿರ ಹೋಗಿ ಕೈ ಆಡಿಸುವುದು ನೋಡಲು ಚೆಂದ, ಚೆಂಡು ಮಾತ್ರ ಅವನ ಪಾಲು. ಇನ್ನು ಬ್ಯಾಕ್‌ನನ್ನು ದಾಟಿದ ಮೇಲೆ ಮೂರು ಹೆಜ್ಜೆ ಜೋರಾಗಿ ಓಡದಿದ್ದರೆ ಅವನು ತಿರುಗಿ ಬಂದೇ ಬರುತ್ತಾನೆ. ಭಾರತ ತಂಡದ ಫಾರ್ವರ್ಡ್ ಆಗಿದ್ದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಲಬದಿಯಲ್ಲಿ ಬ್ಯಾಕ್‌ಗಳನ್ನು ಹಿಂದೆ ಹಾಕುತ್ತಿದ್ದುದು ಮುಖ್ಯವಾಗಿ ಕಾಲಿನ ವೇಗದಿಂದ. ಕೈಚಳಕ ಅದಕ್ಕೆ ಜೊತೆಗೂಡುತ್ತಿತ್ತು.

ಬಲಬದಿ, ಎಡಬದಿ ಎರಡಕ್ಕೂ ಒಂದೇ ತರಬೇತಿ ಸಾಲದು. ಸ್ಟಿಕ್‌ನ ಚಪ್ಪಟೆ ಮುಖ ಒಂದೇ ಆದ್ದರಿಂದ ಬಲಬದಿಯವರಿಗೆ ಡಿಯೊಳಕ್ಕೆ (ಗೋಲಿನ ಮುಂದಿನ ಅರ್ಧವೃತ್ತದೊಳಕ್ಕೆ) ಕ್ರಾಸ್, ಅಂದರೆ ಬದಿಯಿಂದ ಅಡ್ಡ ಪಾಸ್, ಹೊಡೆಯುವುದು ಸಲೀಸು. ಎಡಬದಿಯವರು ಒಂದೋ ಚೆಂಡಿನ ಸುತ್ತ ಕಾಲು ತಿರುಗಿಸಬೇಕು, ಇಲ್ಲವೇ ರಿವರ್ಸ್ ಹಿಟ್ ಹೊಡೆಯಬೇಕು. ರಿವರ್ಸ್ ಹಿಟ್‌ಗೆ ಮಂಡಿ ಚೆನ್ನಾಗಿ ಬಗ್ಗಿಸಿ, ಎರಡೂ ಕೈ ಸ್ಟಿಕ್‌ನ ಮೇಲ್ತುದಿಗೆ ತಂದು, ಸ್ಟಿಕ್ ನೆಲಕ್ಕೆ ಸಮವಾಗಿ ಬೀಸಬೇಕು. ಮಂಡಿ ಬಗ್ಗದಿದ್ದರೆ ಸ್ಟಿಕ್‌ನ ಅಂಚು ಚೆಂಡಿನ ತಲೆಗೆ ತಾಗುತ್ತದೆ ಅಥವಾ ಅಡಿಗೆ ನುಗ್ಗಿ ಚೆಂಡು ಯಾರದೋ ಮುಖಕ್ಕೆ ಹಾರುತ್ತದೆ. ಗರಸಿನ ಮೇಲೆ ಕಲಿಸಿದರೆ ಬೆರಳಿನ ಗೆಣ್ಣು ತರಚುತ್ತದೆ, ಹೆದರಿದ ಮಗು ಮತ್ತೆ ಬಗ್ಗುವುದಿಲ್ಲ. ಹುಲ್ಲಿರುವ ಮೂಲೆ ಹುಡುಕಿ.

ಡಿಯೊಳಗಿನ ಕೆಲಸ ಬೇರೆಯೇ. ಅದರ ಗೆರೆ ಗೋಲಿನಿಂದ 14.63 ಮೀಟರ್. ಒಳಗೆ ಆಕ್ರಮಣಕಾರನ ಸ್ಟಿಕ್ ತಾಗದ ಚೆಂಡು ಗೋಲಾಗದು. ಗೋಲಿನ ಅಗಲ 3.66 ಮೀಟರ್, ಎತ್ತರ 2.14. ಇದೆಲ್ಲ ಮಕ್ಕಳಿಗೆ ಬಾಯಿಪಾಠ ಬರುತ್ತದೆ, ಆದರೂ ಗೆರೆ ದಾಟಿದ ಮೇಲೆ ಇನ್ನೊಂದು ಡಾಡ್ಜ್‌ಗೆ ಆಸೆಪಡುತ್ತಾರೆ. ಗೋಲ್‌ಕೀಪರ್ ಮುಂದೆ ಬಂದು ಕೋನ ಮುಚ್ಚುವುದು ಆ ಹೊತ್ತಿನಲ್ಲೇ. ಮೊದಲ ಅಥವಾ ಎರಡನೇ ಟಚ್‌ಗೇ ಹೊಡೆಯಬೇಕು, ಹೊಡೆದವರು ನಿಂತು ನೋಡದೆ ಪ್ಯಾಡ್‌ನಿಂದ ಮರಳುವ ಚೆಂಡಿಗೆ ಓಡಬೇಕು. ಇನ್ನೊಬ್ಬ ಫಾರ್ವರ್ಡ್ ದೂರದ ಕಂಬದ ಕಡೆ ಬ್ಯಾಕ್‌ನ ಬೆನ್ನ ಹಿಂದೆ ಕಾದಿದ್ದು, ಕ್ರಾಸ್ ಹೊರಟಾಗ ಮುಂದೆ ನುಗ್ಗಬೇಕು. ಅಲ್ಲಿ ಸ್ಟಿಕ್ ಬೀಸುವ ಕೆಲಸವಿಲ್ಲ. ನೆಲಕ್ಕೆ ಊರಿ, ಎರಡೂ ಕೈಯಲ್ಲಿ ಬಿಗಿ ಹಿಡಿದು, ಮುಖವನ್ನು ಗೋಲಿಗೆ ಓರೆ ಮಾಡಿದರೆ ಚೆಂಡಿನ ವೇಗವೇ ಗೋಲು ಮಾಡುತ್ತದೆ. ಬೀಸಿದ ಸ್ಟಿಕ್ ಹತ್ತರಲ್ಲಿ ಎಂಟು ಸಲ ಗಾಳಿಗೆ. ಎದುರಾಳಿ ಬ್ಯಾಕ್‌ಗಳನ್ನು ದಾಟಿ ಮುಂದೆ ನಿಂತು ಚೆಂಡಿಗೆ ಕಾಯಬಾರದೆಂಬ ಆಫ್‌ಸೈಡ್ ನಿಯಮ 1990ರ ದಶಕದಲ್ಲೇ ಹೋಯಿತು, ಆದರೆ ಫಾರ್ವರ್ಡ್‌ಗಳು ಒಂದೇ ಸಾಲಿನಲ್ಲಿ ಬರಬೇಕೆಂದು ಗದರುವವರು ಇನ್ನೂ ಇದ್ದಾರೆ!

ಚೆಂಡು ಕಳೆದುಕೊಂಡ ಮೇಲಿನ ಆಟವಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ಯಾಕ್‌ನ ಮೇಲೆ ನೆಟ್ಟಗೆ ಓಡಿದರೆ ಅವನು ಪಕ್ಕದಿಂದ ಪಾಸ್ ಕೊಟ್ಟು ಕಳಿಸುತ್ತಾನೆ. ಮೈದಾನದ ನಡುವಿನ ದಾರಿಗೆ ಅಡ್ಡವಾಗಿ, ಬಾಗಿದ ಗೆರೆಯಲ್ಲಿ ಓಡಿ ಅವನನ್ನು ಸೈಡ್‌ಲೈನ್ ಕಡೆ ತಳ್ಳಬೇಕು. ಸಿಟ್ಟಿಗೆ ಸ್ಟಿಕ್ ಕುಕ್ಕಿದರೆ ಹಸಿರು ಕಾರ್ಡ್, ತಂಡಕ್ಕೆ ಎರಡು ನಿಮಿಷ ಹತ್ತೇ ಜನ.

ಸ್ಟಿಕ್ ಬಗ್ಗೆಯೂ ಒಂದು ಮಾತು. ಅಣ್ಣನ 37 ಇಂಚಿನ ಸ್ಟಿಕ್ ಹಿಡಿದ ಹನ್ನೆರಡರ ಮಗುವಿಗೆ ಬಗ್ಗಲು ಬರುವುದಿಲ್ಲ. ನೆಟ್ಟಗೆ ನಿಲ್ಲಿಸಿದಾಗ ಸ್ಟಿಕ್‌ನ ತುದಿ ಸೊಂಟದ ಮೂಳೆಯ ಮಟ್ಟಕ್ಕೆ ಬಂದರೆ ಸಾಕು. ಕಾರ್ಬನ್ ಜಾಸ್ತಿ ಇರುವ ದುಬಾರಿ ಸ್ಟಿಕ್ ಕಲಿಯುವವರಿಗೆ ಬೇಡ. ಅದು ಗಡುಸು, ಚೆಂಡು ತಾಗಿ ಸಿಡಿದು ಹೋಗುತ್ತದೆ, ಪಡೆಯುವುದೇ ಕಷ್ಟ. ಬಾಗು ಕೆಳಗೆ ಇಳಿದ ಸ್ಟಿಕ್ ಡ್ರ್ಯಾಗ್ ಫ್ಲಿಕ್‌ಗೆ (ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಚಿಮ್ಮಿಸುವ ಹೊಡೆತಕ್ಕೆ) ಸರಿ, ಆದರೆ ಅದರಲ್ಲಿ ಸಾದಾ ಹಿಟ್ ಎದ್ದು ಹೋಗುತ್ತದೆ.

ಟರ್ಫ್ ಇಲ್ಲದ್ದಕ್ಕೆ ಕೈಕಟ್ಟಿ ಕೂರಬೇಕಿಲ್ಲ. ಶಾಲೆಯ ಸಿಮೆಂಟ್ ಅಂಗಳಕ್ಕೆ ಎರಡು ಬಕೆಟ್ ನೀರು ಚೆಲ್ಲಿ, ಗೋಡೆಯಿಂದ ಐದು ಮೀಟರ್ ದೂರ ನಿಂತು ಪುಷ್ ಮಾಡಿ (ಸ್ಟಿಕ್ ಬೀಸದೆ ಚೆಂಡು ತಳ್ಳಿ), ಮರಳಿದ ಚೆಂಡನ್ನು ಓರೆ ಮೈಯಲ್ಲಿ ಹಿಡಿಯಲಿ. ಫೋರ್‌ಹ್ಯಾಂಡ್ (ಬಲಗಡೆ) 25 ಸಲ, ರಿವರ್ಸ್ 25 ಸಲ. ಸ್ಟಿಕ್‌ನ ಮೂತಿ ಸವೆಯದ ಹಾಗೆ ಟೇಪ್ ಸುತ್ತಿಕೊಂಡರಾಯಿತು. ಗ್ರೌಂಡಿಗೆ ಹತ್ತು ರೌಂಡ್ ಓಡಿಸುವುದು ಬಿಟ್ಟು 20–30 ಮೀಟರ್‌ನ ಜೋರು ಓಟ, ನಡುವೆ ವಿಶ್ರಾಂತಿ ಕೊಡಿಸಿ. 15 ನಿಮಿಷದ ನಾಲ್ಕು ಕ್ವಾರ್ಟರ್‌ಗಳಲ್ಲಿ ಫಾರ್ವರ್ಡ್‌ಗಳು ಕೆಲವೇ ನಿಮಿಷ ಆಡಿ, ಹೊರಬಂದು, ಮತ್ತೆ ಇಳಿಯುತ್ತಾರೆ. ಅದಕ್ಕೆ ಬೇಕಾದ್ದು ಆ ತರಹದ ದಮ್ಮು.

ಜಿಲ್ಲಾ ತಂಡದ ಆಯ್ಕೆ ಮಾಡುವವರಲ್ಲಿ ಒಂದು ವಿನಂತಿ. ಕೋನ್‌ಗಳ ನಡುವೆ ಚೆಂಡು ಆಡಿಸುವುದನ್ನು ನೋಡಿ ಫಾರ್ವರ್ಡ್ ಆರಿಸಬೇಡಿ. ಅರ್ಧ ಮೈದಾನದಲ್ಲಿ ಆರು ಜನಕ್ಕೆ ಆರು ಜನ, 15 ನಿಮಿಷದ ಎರಡು ಆಟ ಆಡಿಸಿ. ಒಬ್ಬರು ಕಾಗದ ಹಿಡಿದು, ಪ್ರತಿ ಮಗು ಎಷ್ಟು ಸಲ ಬ್ಯಾಕ್‌ನಿಂದ ಬಿಡಿಸಿಕೊಂಡಿತು, ಚೆಂಡು ಸಿಕ್ಕಾಗ ಎಷ್ಟು ಸಲ ಗೋಲಿನ ಕಡೆ ಮುಖ ಇತ್ತು, ಕಳೆದುಕೊಂಡ ಮೇಲೆ ಎಷ್ಟು ಸಲ ಹಿಂಬಾಲಿಸಿತು ಎಂದು ಗೀಟು ಹಾಕುತ್ತಾ ಹೋಗಲಿ. ಆ ಕಾಗದವನ್ನು ಮಕ್ಕಳ ಶಿಕ್ಷಕರಿಗೂ ಕೊಡಿ. ಆಯ್ಕೆಯಾಗದವರಿಗೆ ಮುಂದಿನ ವರ್ಷದೊಳಗೆ ಏನು ತಿದ್ದಿಕೊಳ್ಳಬೇಕೆಂದು ಅದರಿಂದ ಗೊತ್ತಾಗುತ್ತದೆ.

– ಹಾಕಿ ತರಬೇತುದಾರರು, ಕೋಲಾರ