ಗಾಡಿ ಎತ್ತುವ ಮುಂಚೆ ನೋಟಿಸ್ ಕೊಡಬೇಕು

ಸಂಪಾದಕರಿಗೆ ನಮಸ್ಕಾರ.

ಬೀದಿಬದಿ ವ್ಯಾಪಾರಿಗಳ ತೆರವಿನ ಸುದ್ದಿ ಬಂದಾಗಲೆಲ್ಲ ಹುಬ್ಬಳ್ಳಿಯಲ್ಲಿ ಒಂದು ಮಾತು ಕೇಳಿಬರುತ್ತದೆ: 'ಇವರಿಗೆಂಥಾ ನೋಟಿಸ್ ರೀ, ಬೆಳಗಾಗೋದ್ರೊಳಗ ಎತ್ತಿ ಹಾಕಬೇಕು.' ಹೇಳುವವರು ಕೆಟ್ಟವರೇನಲ್ಲ. ದುರ್ಗದಬೈಲು, ಜನತಾ ಬಜಾರ್ ಕಡೆ ಸಂಜೆ ಹೊತ್ತು ಫುಟ್‌ಪಾತ್ ಮೇಲೆ ಜಾಗವಿಲ್ಲದೆ ವಯಸ್ಸಾದವರು ರಸ್ತೆಗಿಳಿದು ಆಟೋ, ಬೈಕುಗಳ ನಡುವೆಯೇ ನಡೆಯಬೇಕು. ಅವರ ಹಕ್ಕೂ ಹಕ್ಕೇ. ಆದರೆ ನೋಟಿಸ್ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಈ ವ್ಯಾಪಾರಿಗಳಿಗಾಗಿಯೇ 2014ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಇರುವವರನ್ನು ಎಬ್ಬಿಸುವಂತಿಲ್ಲ. ಆಮೇಲೆ ಎಬ್ಬಿಸುವುದಾದರೂ 30 ದಿನದ ನೋಟಿಸ್ ಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ಪ್ರತಿ ಕೊಡಬೇಕು. ಶುಲ್ಕ ಕಟ್ಟಿ ಕೇಳಿದರೆ ಹೂವು, ಹಣ್ಣು, ಕೊತ್ತಂಬರಿಯಂಥ ಕೆಡುವ ಮಾಲನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು.

ಆ ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಯೋಚಿಸಿ. ತಕ್ಕಡಿ, ಗಾಡಿ, ಎರಡು ಬುಟ್ಟಿ ಹಣ್ಣು ಕಳೆದುಕೊಂಡ ಹೆಣ್ಣುಮಗಳು ಕಚೇರಿಗೆ ಹೋದರೆ 'ನಿಂದು ಯಾವುದು, ಏನು ಸಾಕ್ಷಿ?' ಅಂತ ಕೇಳುತ್ತಾರೆ, ತೋರಿಸಲು ಅವಳ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ, ಕೊನೆಗೆ ಯಾರದೋ ಕೈಕಾಲು ಹಿಡಿಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಕಾಗದ ಕೈಯಲ್ಲಿದ್ದರೆ 'ನನ್ನ ಮಾಲು ಕೊಡ್ರಿ' ಅಂತ ಎದುರಿಗೆ ನಿಂತು ಕೇಳುತ್ತಾಳೆ. ಸಣ್ಣ ವ್ಯತ್ಯಾಸ ಅಲ್ಲ ಇದು.

1985ರಲ್ಲಿ ಮುಂಬೈ ಫುಟ್‌ಪಾತ್ ವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಅಂದಿತು. ಫುಟ್‌ಪಾತ್ ಹಿಡಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ ಅಂತಲೂ ಅದೇ ತೀರ್ಪು ಹೇಳಿತು. ಅಂದರೆ ತೆರವು ಮಾಡಬಹುದು, ಕಾನೂನಿನ ದಾರಿಯಲ್ಲೇ ಮಾಡಬೇಕು.

ಬಿಆರ್‌ಟಿಎಸ್‌ಗಾಗಿ ಅಂದರೆ ಬಸ್ಸಿಗೇ ಬೇರೆ ದಾರಿ ಮಾಡಲು ಹುಬ್ಬಳ್ಳಿ-ಧಾರವಾಡ ರಸ್ತೆ ಅಗಲ ಮಾಡುವಾಗ ಜಾಗ ಹೋದವರು ನೋಟಿಸ್ ಬೇಕು, ಸರಿಯಾದ ಪರಿಹಾರ ಬೇಕು ಅಂದರು ಅಲ್ವಾ? ಕೇಳಬೇಕಾದದ್ದನ್ನೇ ಕೇಳಿದರು. ಕಾಂಪೌಂಡ್ ಇದ್ದವರಿಗೆ ಒಂದು ಕಾನೂನು, ತಳ್ಳುಗಾಡಿಯವರಿಗೆ ಇನ್ನೊಂದು ಆಗಬಾರದು.

ಪಾಲಿಕೆಗೆ ಗಾಡಿ ಎತ್ತುವ ಅಧಿಕಾರ ಬಂದಿರುವುದೂ ಕಾನೂನಿನಿಂದಲೇ, ನಮ್ಮ ಓಟಿನಿಂದಲೇ. 2021ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ಆಗುವ ಮುಂಚೆ ಎರಡು ವರ್ಷಕ್ಕೂ ಜಾಸ್ತಿ ಇಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ, ಹೋಗಿ ಕೇಳೋಣ ಅಂದರೆ ನಮ್ಮವರು ಅಂತ ಒಬ್ಬರೂ ಇರಲಿಲ್ಲ. ಆ ಚುನಾವಣೆಯಲ್ಲಿ 82 ವಾರ್ಡ್‌ಗೂ ಸದಸ್ಯರು ಆರಿಸಿ ಬಂದರು. ಕಾಯ್ದೆ ಪ್ರಕಾರ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜಾಗ ವ್ಯಾಪಾರಿಗಳೇ ಆರಿಸಿದವರಿಗೆ ಸಿಗಬೇಕು. ಆ ಸಮಿತಿ ಯಾವಾಗ ಸೇರಿತು, ಏನು ತೀರ್ಮಾನ ಮಾಡಿತು, ಸಮೀಕ್ಷೆಯಲ್ಲಿ ಯಾರ ಹೆಸರಿದೆ, ಇವನ್ನೆಲ್ಲ ಪ್ರತಿ ವಲಯ ಕಚೇರಿಯ ಬೋರ್ಡಿಗೆ ಕನ್ನಡದಲ್ಲಿ ಹಾಕಿಸಬೇಕು. ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಇದನ್ನು ಎತ್ತಲಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಹುಬ್ಬಳ್ಳಿ