ಟ್ರ್ಯಾಕ್ಟರ್ ಬಾಡಿಗೆಗೆ ಮೂರು ಕೊಟೇಶನ್: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇದು ಐದನೇ ವರ್ಷ. ವಿಶ್ವವಿದ್ಯಾಲಯದ ಹೆಸರು ಬರೆಯುತ್ತಿಲ್ಲ. ಬರೆದರೆ ನಾಳೆಯೇ ನಮ್ಮ ಗೈಡ್‌ಗೆ ಫೋನ್ ಹೋಗುತ್ತದೆ, ನನ್ನ ಸಿನಾಪ್ಸಿಸ್‌ಗೆ ಸಹಿ ಬೀಳುವುದಿಲ್ಲ. ನಿಮಗೆ ಗೊತ್ತಿಲ್ಲದ್ದೇನಲ್ಲ, ಅಲ್ವಾ?

ಕೇಳುವುದು ಒಂದೇ. ಫೆಲೋಶಿಪ್ ದುಡ್ಡು ತಿಂಗಳು ತಿಂಗಳು ಕೊಡಿಸಿ. ವಿಜ್ಞಾನದವರಿಗೂ, ಇತಿಹಾಸದವರಿಗೂ. ಇಷ್ಟು ಓದಿ ಪತ್ರ ಮಡಚಿಟ್ಟರೂ ನನಗೆ ಬೇಜಾರಿಲ್ಲ.

ನನ್ನ ಖಾತೆಗೆ ಕೊನೆಯ ಸಲ ಫೆಲೋಶಿಪ್ ಬಂದು 14 ತಿಂಗಳಾಯಿತು. ತಿಂಗಳಿಗೆ 10,000 ರೂಪಾಯಿ. ನೆಟ್ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಬಂದು ಜೆಆರ್‌ಎಫ್ ಅನ್ನುವ ದೊಡ್ಡ ಫೆಲೋಶಿಪ್ ಸಿಕ್ಕವರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2023ರ ಜನವರಿಯಿಂದ 37,000 ಮಾಡಿದೆ. ನನಗೆ ನೆಟ್ ಆಯಿತು, ಜೆಆರ್‌ಎಫ್ ಆಗಲಿಲ್ಲ. ಅದು ನನ್ನ ಹಣೆಬರಹ, ನಿಮ್ಮನ್ನು ದೂರುವುದಿಲ್ಲ. ನನಗೆ 10,000ವೇ ಸಾಕು. ಆದರೆ ಅದು ಬರಬೇಕಲ್ಲ. ಮೆಸ್ ಬಾಕಿ ಬೆಳೆದು ಈಗ ನನ್ನ ಹೆಸರು ನೋಟಿಸ್ ಬೋರ್ಡ್‌ನಲ್ಲಿದೆ. ಸಂಜೆ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಫೋನಿಗೆ ರೀಚಾರ್ಜ್ ಮಾಡಿಸುವವನು ಗಾರ್ಮೆಂಟ್ಸ್‌ನಲ್ಲಿ ದುಡಿಯುವ ನನ್ನ ತಮ್ಮ. ನನಗಿಂತ ಏಳು ವರ್ಷಕ್ಕೆ ಚಿಕ್ಕವನು. ಅವ್ವ ಭಾನುವಾರ ಭಾನುವಾರ ಫೋನ್ ಮಾಡಿ, "ಸಂಬಳ ಬಂತೇನವ್ವ?" ಅನ್ನುತ್ತಾಳೆ. ಅದು ಸಂಬಳ ಅಲ್ಲ ಕಣವ್ವ ಅಂತ ಮೊದಮೊದಲು ತಿದ್ದುತ್ತಿದ್ದೆ. ಈಗ ಬಿಟ್ಟಿದ್ದೇನೆ.

ಈ ಪತ್ರ ಬರೆಯುವ ಹಾಗೆ ಮಾಡಿದ್ದು ಒಂದು ಕಲ್ಲು. ಅದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಒಂದು ಹಳ್ಳಿಯ ಕೆರೆ ಕೆಳಗಿನ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇತ್ತು. ಮೇಲಿನ ಸಾಲಿನಲ್ಲಿ ಲಿಂಗಪೂಜೆ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಕೆಳಗೆ ಕಾಳಗ. ಪಟ್ಟಿಗಳ ನಡುವೆ ಅಕ್ಷರ. ಮೇಲಿನ ಪಟ್ಟಿ ಸವೆದಿತ್ತು. ಕೆಳಗಿನ ಪಟ್ಟಿ ಮಣ್ಣಿನಲ್ಲಿ ಹೂತಿದ್ದರಿಂದ ಚೆನ್ನಾಗಿ ಉಳಿದಿರುತ್ತದೆ ಅಂತ ನಮ್ಮ ಗೈಡ್ ಹೇಳಿದರು. ಯಾರು ಸತ್ತ, ಯಾತಕ್ಕೆ ಸತ್ತ, ಯಾವ ರಾಜನ ಕಾಲ, ಎಲ್ಲ ಅದರಲ್ಲೇ ಇರಬೇಕಿತ್ತು. ಹೊಲದವರೂ ಒಪ್ಪಿದರು. ಕಲ್ಲನ್ನು ಎತ್ತಿ ನಿಲ್ಲಿಸಬೇಕು, ತೊಳೆಯಬೇಕು, ಒದ್ದೆ ಕಾಗದ ಹಾಕಿ ಬ್ರಷ್‌ನಲ್ಲಿ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯಬೇಕು. ಒಂದು ದಿನದ ಕೆಲಸ. ಒಂದು ಟ್ರ್ಯಾಕ್ಟರ್, ಒಂದು ಸರಪಳಿ, ಇಬ್ಬರು ಆಳು. ಎಲ್ಲ ಸೇರಿ 3,500 ರೂಪಾಯಿ. ಫೆಲೋಶಿಪ್ ಬಂದಿದ್ದರೆ ಯಾರನ್ನೂ ಕೇಳದೆ ಕೈಯಿಂದಲೇ ಹಾಕುತ್ತಿದ್ದೆ. ಬಂದಿರಲಿಲ್ಲವಲ್ಲ, ಫೀಲ್ಡ್‌ವರ್ಕ್ ಅನುದಾನಕ್ಕೆ ಅರ್ಜಿ ಹಾಕಿದೆ.

ವಿಶ್ವವಿದ್ಯಾಲಯದ ಆಫೀಸ್ ಸೆಕ್ಷನ್‌ನಲ್ಲಿ ಹೇಳಿದರು, "ಮೂರು ಕೊಟೇಶನ್ ತನ್ನಿ. ಜಿಎಸ್‌ಟಿ ನಂಬರ್ ಇರಬೇಕು."

ಸಾರ್, ಆ ಊರಲ್ಲಿ ಟ್ರ್ಯಾಕ್ಟರ್ ಇರುವುದೇ ಒಂದು. ಅದರ ಯಜಮಾನರನ್ನು ಕೇಳಿದರೆ, "ಕೊಟೇಶನ್ ಅಂದ್ರೆ ಏನವ್ವ? ಅದನ್ನೂ ಟ್ರಾಲಿಗೆ ಹಾಕ್ಬೇಕಾ?" ಅಂದರು. ತಾಲೂಕು ಕೇಂದ್ರದಲ್ಲಿ ಮೂರು ದಿನ ಅಲೆದು, ಮೂರು ಕಾಗದ ಮಾಡಿಸಿ ಕೊಟ್ಟೆ. ಫೈಲು ನಾಲ್ಕು ತಿಂಗಳು ಮೇಜಿನಿಂದ ಮೇಜಿಗೆ ತಿರುಗಿತು. ಕೊನೆಗೆ ಆಕ್ಷೇಪಣೆ ಬಂತು: ಕೊಟೇಶನ್‌ಗಳ ಅವಧಿ ಮುಗಿದಿದೆ, ಹೊಸದು ಸಲ್ಲಿಸಿ. ಹೊಸದು ಮಾಡಿಸುತ್ತಿರುವಾಗಲೇ ಹೊಲದವರು ಫೋನ್ ಮಾಡಿದರು. ರಸ್ತೆ ಕೆಲಸಕ್ಕೆ ಜೆಸಿಬಿ ಬಂದಿತ್ತಂತೆ. ಕಲ್ಲು ಒಡೆದು ಮೋರಿಗೆ ಹಾಕಿದ್ದಾರಂತೆ. ಜೆಸಿಬಿಯವನನ್ನು ಯಾರೂ ಕೊಟೇಶನ್ ಕೇಳಲಿಲ್ಲ ಅಂತ ಕಾಣುತ್ತದೆ.

ನಾನು ಹೋಗಿ ನೋಡಿದೆ. ಅಪ್ಸರೆಯ ಒಂದು ಕೈ ಕಂಡಿತು. ಅಕ್ಷರ ಒಂದೂ ಸಿಗಲಿಲ್ಲ.

ಹೋಗಲಿ, ಇತಿಹಾಸದವರ ಗೋಳು ಇದ್ದದ್ದೇ ಅಂದುಕೊಳ್ಳೋಣ. ನನ್ನ ರೂಂಮೇಟ್ ಪ್ರಾಣಿಶಾಸ್ತ್ರದವಳು. ಅವಳದು ಮಂಗನ ಕಾಯಿಲೆ ಹರಡುವ ಉಣುಗಿನ ಮೇಲೆ ಕೆಲಸ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನಕ್ಕೂ ಜ್ವರ ಬಂದು ಗೊತ್ತಾದ ರೋಗ ಅದು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಅದಕ್ಕೆ ನಮ್ಮ ಕಾಡಿನ ಹೆಸರೇ ಇದೆ. ತರಗೆಲೆ ಮೇಲೆ ಬಿಳಿ ಬಟ್ಟೆ ಎಳೆದುಕೊಂಡು ಹೋಗಿ ಉಣುಗು ಹಿಡಿಯುತ್ತಾರೆ. ಈ ರೋಗ ಹರಡುವ ಮರಿ ಉಣುಗು ಜಾಸ್ತಿ ಸಿಗುವುದು ಮಳೆ ನಿಂತ ಮೇಲೆ, ಬೇಸಿಗೆ ತನಕ. ಅವಳ ಅನುದಾನ ಮಂಜೂರಾದದ್ದು ಜುಲೈನಲ್ಲಿ, ಮಲೆನಾಡಿನಲ್ಲಿ ಮಳೆ ಸುರಿಯುವಾಗ. ಉಣುಗಿಗೆ ಮಂಜೂರಾತಿ ಆದೇಶ ತೋರಿಸಿ ಹೊರಗೆ ಬಾ ಅನ್ನೋಕಾಗುತ್ತಾ ಸಾರ್? ಒಂದು ವರ್ಷ ಹೋಯಿತು.

ಯುಜಿಸಿಯ 2022ರ ನಿಯಮ ನಿಮಗೆ ಗೊತ್ತೇ ಇದೆ. ಪಿಎಚ್‌ಡಿ ಮುಗಿಸಲು ಸಾಮಾನ್ಯವಾಗಿ 6 ವರ್ಷದ ಗಡುವು. ನಮ್ಮ ದುಡ್ಡು ನಿಂತಾಗ ಆ ಗಡಿಯಾರ ನಿಲ್ಲುವುದಿಲ್ಲ.

ಇದರ ಮೇಲೆ ಆರು ತಿಂಗಳಿಗೊಮ್ಮೆ ತುಂಬುವ ಪ್ರೋಗ್ರೆಸ್ ರಿಪೋರ್ಟ್‌ನಲ್ಲಿ ಈಗ ಹೊಸ ಕಾಲಂ: 'ಪೇಟೆಂಟ್ ಅಥವಾ ಸ್ಟಾರ್ಟಪ್ ಸಾಧ್ಯತೆ'. ನಾನು 'ಅನ್ವಯಿಸುವುದಿಲ್ಲ' ಅಂತ ಬರೆದೆ. ಫಾರಂ ವಾಪಸ್ ಬಂತು. ವೀರಗಲ್ಲಿನಿಂದ ಏನು ಸ್ಟಾರ್ಟಪ್ ಮಾಡಲಿ? ಮೋರಿ ಕಟ್ಟುವ ಸ್ಟಾರ್ಟಪ್ಪೇ ಮಾಡಬೇಕು.

1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಶಾಸನ ಪತ್ತೆ ಮಾಡಿದಾಗ ಯಾವ ಪೇಟೆಂಟ್ ಬಂತು? ಸುಮಾರು ಕ್ರಿ.ಶ. 450ರ ಕಲ್ಲು ಅದು. ಇವತ್ತು ನವೆಂಬರ್ 1ರ ವೇದಿಕೆಗಳಲ್ಲಿ ಮೊದಲು ಬರುವ ಮಾತೇ ಅದು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿದ್ದರ ಹಿಂದೆಯೂ ಇಂಥ ಕಲ್ಲುಗಳೇ ಇವೆ. ಬ್ರಿಟಿಷರ ಕಾಲದ ಶಾಸನ ಸಂಶೋಧಕ ಬಿ.ಎಲ್. ರೈಸ್ ಮತ್ತು ಅವರ ಜೊತೆಗಿದ್ದ ಪಂಡಿತರು ಹಳೇ ಮೈಸೂರು ಸೀಮೆ ಸುತ್ತಿ ಸುಮಾರು 9,000 ಶಾಸನ ಅಚ್ಚು ಮಾಡಿಸಿದರು. ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರ್‌ಗೂ ಆಳದಲ್ಲಿ ಉಪಕರಣ ಇಟ್ಟು ವಿಜ್ಞಾನಿಗಳು 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಅನ್ನುವ ಅತಿಸೂಕ್ಷ್ಮ ಕಣದ ಗುರುತು ಹಿಡಿದರು. ಅದರಿಂದ ಒಂದು ಗುಂಜಿ ಚಿನ್ನ ಹುಟ್ಟಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಭೌತಶಾಸ್ತ್ರದವರು ಮಾತ್ರ ಕೋಲಾರದ ಹೆಸರನ್ನು ಇನ್ನೂ ಹೇಳುತ್ತಾರೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಲೆಕ್ಕ ಹಾಕಿದವರೂ ಸಂಶೋಧಕರೇ. ಅದರ ಮೇಲೆ ವಾಕಿಂಗ್ ಮಾಡುವವರಿಗೆ ಅದರಿಂದ ಉಪಯೋಗವೇನೂ ಇಲ್ಲ, ಒಪ್ಪುತ್ತೇನೆ.

ಇನ್ನೊಂದು. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಅದರಲ್ಲಿ ಅಧಿಕಾರಿಗಳು ಖಜಾನೆ ದುಡ್ಡು ನುಂಗುವ 40 ದಾರಿಗಳ ಪಟ್ಟಿ ಇದೆ. ಕೊಡಬೇಕಾದ ಕಾಲಕ್ಕೆ ಕೊಡದೇ ಇರುವುದೂ ಆ ಪಟ್ಟಿಯಲ್ಲಿದೆ. ನಾನು ಯಾರನ್ನೂ ಬೊಟ್ಟು ಮಾಡುತ್ತಿಲ್ಲ. ಸುಮ್ನೆ ನೆನಪಾಯಿತು, ಹೇಳಿದೆ.

ದುಡ್ಡಿಲ್ಲ ಅನ್ನಬೇಡಿ. ದುಡ್ಡಿಲ್ಲದಿದ್ದರೆ ಇಲ್ಲ ಅಂತ ಒಂದು ಸಾಲು ಬರೆದು ಕೊಡಲಿ, ಬೇರೆ ಕೆಲಸ ನೋಡಿಕೊಳ್ಳುತ್ತೇವೆ. 14 ತಿಂಗಳಿಂದ ನನಗೆ ಸಿಗುತ್ತಿರುವ ಉತ್ತರ, "ಪ್ರೊಸೆಸ್‌ನಲ್ಲಿದೆ". ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ಸರ್ವರ್ ಡೌನ್. ನೀವು ಇಲ್ಲಿನ ವಿದ್ಯಾರ್ಥಿನಿ ಅನ್ನುವ ಬೋನಫೈಡ್ ಸರ್ಟಿಫಿಕೇಟ್ ಹಳೆಯದಾಯಿತು, ಹೊಸದು ತನ್ನಿ. ಹೊಸ ಬೋನಫೈಡ್‌ಗೆ ಮೆಸ್ ಬಾಕಿ ಕಟ್ಟಿದ ರಸೀದಿ ಬೇಕು. ಮೆಸ್ ಬಾಕಿ ಕಟ್ಟಲು ಫೆಲೋಶಿಪ್ ಬರಬೇಕು. ಈ ಸುತ್ತು ಬಿಡಿಸುವುದನ್ನೇ ಬೇಕಾದರೆ ಪಿಎಚ್‌ಡಿ ವಿಷಯ ಮಾಡಿಕೊಳ್ಳಬಹುದು.

ಹಾಗಾಗಿ ಮತ್ತೆ ಕೇಳುತ್ತೇನೆ. ಫೆಲೋಶಿಪ್ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಖಾತೆಗೆ ಬರಲಿ. ಐದಾರು ಸಾವಿರದೊಳಗಿನ ಫೀಲ್ಡ್ ಖರ್ಚಿಗೆ ಗೈಡ್ ಸಹಿಯೇ ಸಾಕು ಅಂತ ಒಂದು ಸುತ್ತೋಲೆ ಹೊರಡಿಸಿ. ಆ ಸ್ಟಾರ್ಟಪ್ ಕಾಲಂ ಬೇಕಾದರೆ ಇರಲಿ, ಅದಕ್ಕೆ ಏನಾದರೂ ಕಥೆ ಕಟ್ಟುತ್ತೇವೆ. ಫೆಲೋಶಿಪ್ ಮಾತ್ರ ಪ್ರತಿ ತಿಂಗಳು ಕೊಡಿಸಿ.

ಇಂತಿ,
ಇತಿಹಾಸ ವಿಭಾಗದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ

ಅಡಕಗಳು:
ಟ್ರ್ಯಾಕ್ಟರ್ ಬಾಡಿಗೆಯ ಹೊಸ ಕೊಟೇಶನ್‌ಗಳು, ಜಿಎಸ್‌ಟಿ ನಂಬರ್ ಸಮೇತ – 3
ವೀರಗಲ್ಲಿನ ಫೋಟೋ, ಮೊಬೈಲ್‌ನಲ್ಲಿ ತೆಗೆದದ್ದು, ಕೆಳಗಿನ ಪಟ್ಟಿ ಮಣ್ಣಿನಲ್ಲಿದೆ – 1